ಊರಿಗೆ ಬಂದಿದ್ದೇನೆ: ಹಾಸನ, ಚಿಕ್ಕಮಗಳೂರು ಕಡೆ ಯಾವ ಬಣ್ಣಕ್ಕೆ ಏನು ಫೋಟೋ ತೆಗೆಯಲಿ?

ಒಸಾಕಾ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಆರು ವರ್ಷದಿಂದ ಜಪಾನಿನ ಒಸಾಕಾದಲ್ಲಿದ್ದೇನೆ. ಹೋದ ಹೊಸದರಲ್ಲಿ ಭಾಷೆ ಬರುತ್ತಿರಲಿಲ್ಲ, ಮಾತಾಡೋಕೆ ಯಾರೂ ಇರಲಿಲ್ಲ, ಗಂಡ ಬೆಳಿಗ್ಗೆ ಹೋದರೆ ರಾತ್ರಿ ಬರೋದು, ಮನೆಯಲ್ಲಿ ಕೂತು ಕೂತು ಗೋಡೆ ಜೊತೆ ಮಾತಾಡೋ ಹಾಗಾಗಿತ್ತು. ಆಗ ಸುಮ್ನೆ ಫೋನ್ ಹಿಡಿದುಕೊಂಡು ಬೀದಿ ಸುತ್ತೋಕೆ ಶುರು ಮಾಡಿದೆ. ಏನು ತೆಗೆಯಬೇಕು ಅಂತ ಗೊತ್ತಾಗದೆ ಒಂದು ಆಟ ಕಟ್ಟಿಕೊಂಡೆ. ತಿಂಗಳಿಗೆ ಒಂದೇ ಬಣ್ಣ. ಆ ತಿಂಗಳೆಲ್ಲ ಆ ಬಣ್ಣ ಕಂಡರೆ ಮಾತ್ರ ಕ್ಲಿಕ್. ಬೇರೆ ಏನೇ ಚೆನ್ನಾಗಿದ್ದರೂ ಮುಟ್ಟುವ ಹಾಗಿಲ್ಲ.

ಮೊದಲು ಹಳದಿ. ಆಗ ನವೆಂಬರ್ ಕೊನೆ. ಊರ ನಡುವಿನ ಮಿದೊಸುಜಿ ರಸ್ತೆಯ ಉದ್ದಕ್ಕೂ ಗಿಂಕೊ ಮರಗಳಿವೆ, ಎಲೆ ಹಣ್ಣಾಗಿ ಇಡೀ ರಸ್ತೆ ಹಳದಿ. ಅದನ್ನು ಯಾರು ಬೇಕಾದರೂ ತೆಗೆಯುತ್ತಾರೆ ಬಿಡಿ. ಆಮೇಲೆ ಕಣ್ಣಿಗೆ ಬಿದ್ದದ್ದು ಒಂದನೇ ಕ್ಲಾಸಿನ ಮಕ್ಕಳ ಟೋಪಿ. ಗಾಡಿಯವರಿಗೆ ದೂರದಿಂದಲೇ ಕಾಣಲಿ ಅಂತ ಹಳದಿ. ಆಮೇಲೆ ಫುಟ್‌ಪಾತಿನ ಮೇಲಿನ ಉಬ್ಬು ಉಬ್ಬು ಪಟ್ಟಿ, ಕಣ್ಣು ಕಾಣದವರು ಕಾಲಿನಲ್ಲೇ ದಾರಿ ತಿಳಿಯೋಕೆ ಹಾಕಿದ್ದು. ಬೆಂಗಳೂರಿನ ಮೆಟ್ರೋದಲ್ಲೂ ಇದೆಯಲ್ಲ, ಅದೇ. ಅದು ಹುಟ್ಟಿದ್ದು ಜಪಾನಿನಲ್ಲಿ, 1967ರಲ್ಲಿ ಒಕಾಯಾಮಾ ಊರಿನ ರಸ್ತೆಯಲ್ಲಿ ಮೊದಲು ಹಾಕಿದ್ದಂತೆ. ಕೊನೆಗೆ ತಕುವಾನ್ ಅಂತ ಮೂಲಂಗಿ ಉಪ್ಪಿನಕಾಯಿ. ಫೋಟೋ ಅಮ್ಮನಿಗೆ ಕಳಿಸಿದರೆ "ಅರಿಶಿನ ಜಾಸ್ತಿ ಆಯ್ತು" ಅಂತ ಉತ್ತರ ಬಂತು.

ಕೆಂಪಿನ ತಿಂಗಳಲ್ಲಿ ಅಂಚೆ ಡಬ್ಬ, ಬಿಳಿ ಅನ್ನದ ಮೇಲೆ ಉಪ್ಪು ಹಾಕಿದ ಒಂದೇ ಒಂದು ಉಮೆ ಅನ್ನೋ ಹುಳಿ ಹಣ್ಣು, ಕ್ಯೋಟೋದ ಫುಶಿಮಿ ಇನಾರಿ ದೇವಸ್ಥಾನದ ಸಾಲು ಬಾಗಿಲುಗಳು, 60 ತುಂಬಿದ ಪಕ್ಕದ ಮನೆ ಯಜಮಾನರಿಗೆ ಮಕ್ಕಳು ತೊಡಿಸಿದ ಕೆಂಪು ಅಂಗಿ. ನಮ್ಮ ಷಷ್ಠಿಪೂರ್ತಿ ಹಾಗೆ ಅವರದ್ದು ಅದು. ಹಸಿರಿನ ತಿಂಗಳಲ್ಲಿ ಒಂದು ತಮಾಷೆ. ಟ್ರಾಫಿಕ್ ಸಿಗ್ನಲ್ಲಿನ ಹಸಿರನ್ನು ಅವರು 'ಆವೊ' ಅಂತಾರೆ, ಹಾಗಂದರೆ ನೀಲಿ. ಹಸಿರು ಸೇಬಿಗೂ ಆವೊ. ಇನ್ನೂ ಹಣ್ಣಾಗದ ಕಾಯಿಗೂ, ಅನುಭವ ಸಾಲದ ಹುಡುಗನಿಗೂ ಅದೇ ಮಾತು. ನಮ್ಮ ಹಸಿ, ಹಸಿರು ಇದ್ದ ಹಾಗೇ ಅಲ್ವಾ ಇದು ಅಂತ ಹೊಳೆದ ದಿನ ಕುಣಿಯೋ ಹಾಗಾಯಿತು. ಹೇಳಿಕೊಳ್ಳೋಕೆ ಯಾರೂ ಸಿಗಲಿಲ್ಲ, ಅಷ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿಗೆ ಬಂದೆ. ಹಾಸನಾಂಬೆ ಬಾಗಿಲು ಮುಚ್ಚೋದರೊಳಗೆ ದರ್ಶನವೂ ಆಯಿತು. ಡಿಸೆಂಬರ್ ಮೊದಲ ವಾರದವರೆಗೆ ಇರುತ್ತೇನೆ. ಇದೇ ಆಟ ಇಲ್ಲೂ ಆಡೋಣ ಅಂತ ಹೊರಟು ಪೂರ್ತಿ ಸೋತೆ. ಒಸಾಕಾದಲ್ಲಿ ಕಟ್ಟಡ ಬೂದು, ರಸ್ತೆ ಬೂದು, ಚಳಿಗಾಲದಲ್ಲಿ ಜನರ ಕೋಟೆಲ್ಲ ಕಪ್ಪು. ಅದರ ಮಧ್ಯೆ ಒಂದು ಹಳದಿ ಟೋಪಿ ಬಂದರೆ ಕೂಗಿ ಕರೆದ ಹಾಗಿರುತ್ತದೆ. ಇಲ್ಲಿ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ಸೇವಂತಿಗೆ ರಾಶಿ ಕಡೆ ಫೋನ್ ಹಿಡಿದರೆ ಹಿಂದೆ ನೀಲಿ ಟಾರ್ಪಾಲು, ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಬುಟ್ಟಿ, ಅದರಾಚೆ ಗುಲಾಬಿ ಗೋಡೆ, ಮುಂದೆ ಯಾರದೋ ಗಿಳಿ ಹಸಿರು ಸೀರೆ, ಇವೆಲ್ಲದರ ಮೇಲೆ ರಾಜಕೀಯದ ಫ್ಲೆಕ್ಸು. ಯಾವ ಬಣ್ಣವೂ ಒಂಟಿಯಾಗಿ ಸಿಗೋದೇ ಇಲ್ಲ. ನಾಲ್ಕು ದಿನದಲ್ಲಿ 300 ಫೋಟೋ ಆಯಿತು. ಒಂದೋ ಗಲಾಟೆ, ಇಲ್ಲ ಅಂದರೆ ಬ್ಯಾಂಕಿನ ಕ್ಯಾಲೆಂಡರ್. ರಾಗಿ ಮುದ್ದೆಯಂತೂ ಕಲ್ಲುಗುಂಡಿನ ಹಾಗೆ ಬಂದಿದೆ. ಒಸಾಕಾದ ಗೆಳತಿಗೆ ಕಳಿಸಿದೆ. "ಇದು ಯಾವ ದೇವರು?" ಅಂತ ಕೇಳಿದಳು.

ನಾನು ಕೇಳೋದು ಇಷ್ಟೆ. ಈ ಒಂದೂವರೆ ತಿಂಗಳಲ್ಲಿ ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಸುತ್ತ ಯಾವ ಬಣ್ಣಕ್ಕೆ ಏನು ಹುಡುಕಲಿ? ನೋಡೋ ಜಾಗದ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ದಿನಾ ಇಲ್ಲೇ ಇರುವವರಿಗೆ ಕಾಣುವುದು ಬೇಕು.

ಹಾಸು_ಹೊಕ್ಕು:

ಮೇಡಂ, ನಾನು ಹಾಸನದಲ್ಲಿ ಸೀರೆ ಅಂಗಡಿ ಇಟ್ಟಿರುವವನು. ಫೋಟೋ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಬಣ್ಣದ ಮೇಲೇ ಊಟ ಮಾಡುವವನು, ಅದಕ್ಕೆ ಬಾಯಿ ಹಾಕ್ತಿದ್ದೇನೆ.

ನಿಮ್ಮ ಆಟದಲ್ಲಿ ಒಂದೇ ತಪ್ಪು. ಕೆಂಪು, ಹಳದಿ, ಹಸಿರು ಅಂತ ಸ್ಕೂಲಿನ ಚಾರ್ಟ್ ಹಿಡಿದು ಹೊರಟಿದ್ದೀರಿ. ನಮ್ಮ ಅಂಗಡಿಗೆ ಬಂದು "ಹಳದಿ ಸೀರೆ ಕೊಡಿ" ಅನ್ನುವವರು ಕಡಿಮೆ. ಅರಿಶಿನದ ಬಣ್ಣ ಬೇಕು ಅಂತಾರೆ, ನಿಂಬೆಹಣ್ಣಿಂದು ಬೇಕು ಅಂತಾರೆ, ಗಂಧದ್ದು ತೋರಿಸಿ ಅಂತಾರೆ. ಮೂರೂ ನಿಮ್ಮ ಲೆಕ್ಕದಲ್ಲಿ ಹಳದಿ. ಅವರ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಅರಿಶಿನದ್ದು ಶಾಸ್ತ್ರಕ್ಕೆ, ಗಂಧದ್ದು ವಯಸ್ಸಾದವರಿಗೆ, ನಿಂಬೆಹಣ್ಣಿಂದು ಕಾಲೇಜು ಹುಡುಗಿಗೆ. ಹಾಗೇ ಈರುಳ್ಳಿ ಸಿಪ್ಪೆ ಬಣ್ಣ, ಕನಕಾಂಬರ, ದಾಳಿಂಬೆ, ಬದನೆಕಾಯಿ, ಮಾವಿನ ಚಿಗುರು, ಪಾಚಿ, ಕಾಫಿ ಪುಡಿ. ಈ ಹೆಸರುಗಳೇ ನಿಮ್ಮ ಫೋಟೋ ಪಟ್ಟಿ ಅಲ್ವಾ? 'ಕೆಂಪು' ಅಂತ ಹುಡುಕಿದರೆ ಫ್ಲೆಕ್ಸ್ ಬೋರ್ಡೂ ಬಂದು ಕೂರುತ್ತದೆ. 'ಈರುಳ್ಳಿ ಸಿಪ್ಪೆ' ಅಂತ ಹುಡುಕಿ, ಎಷ್ಟು ಕಮ್ಮಿ ಸಿಗುತ್ತದೆ, ಎಂತೆಂಥ ಕಡೆ ಸಿಗುತ್ತದೆ ನೋಡಿ. ಹಳೇ ಮನೆ ಸುಣ್ಣದ ಗೋಡೆಯಲ್ಲಿ ಸಿಗುತ್ತದೆ. ಎಮ್ಮೆ ಕರುವಿನ ಮೂತಿಯಲ್ಲಿ ಸಿಗುತ್ತದೆ.

ಹೋದ ವರ್ಷ ಆಲೂರು ಕಡೆಯಿಂದ ಒಬ್ಬರು ಅಜ್ಜಿ ಬಂದಿದ್ದರು. ಮೊಮ್ಮಗಳ ಮದುವೆ. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ವೀಳ್ಯದೆಲೆ ತೆಗೆದು ಕೌಂಟರ್ ಮೇಲಿಟ್ಟು "ಈ ಹಸಿರು" ಅಂದರು. ನಾನು ಒಂದೊಂದೇ ಸೀರೆ ತೆಗೆದು ಎಲೆ ಪಕ್ಕಕ್ಕೆ ಇಡ್ತಾ ಹೋದೆ. ಒಂದೂ ಕೂಡಲಿಲ್ಲ. ಅಜ್ಜಿ ಎಲೆ ಕೈಗೆ ತಗೊಂಡು ತಿರುಗಿಸಿ ನೋಡಿ, "ಬಸ್ಸಲ್ಲಿ ಬಾಡಿದೆ ಕಣಪ್ಪ, ಬೆಳಿಗ್ಗೆ ಕುಯ್ದಾಗ ಹೀಗಿರಲಿಲ್ಲ" ಅಂದರು. ಆಮೇಲೆ ಎಲೆ ಬಿಟ್ಟು ಬಾಯಲ್ಲೇ ಹೇಳಿದರು. ಎಳೇದೂ ಅಲ್ಲ, ಬಲಿತದ್ದೂ ಅಲ್ಲ, ನೀರು ಹಾಕಿದ ಮಾರನೇ ದಿನದ ಎಲೆ. ಸೀರೆ ಸಿಕ್ಕಿತು, ಅದು ಬೇರೆ ಮಾತು.

ಇನ್ನೊಂದು. ಪಾರಿವಾಳದ ಕತ್ತಿನ ಬಣ್ಣ ಅಂತ ಒಂದಿದೆ. ನೇಯುವಾಗ ಉದ್ದಕ್ಕೆ ಬರುವ ಹಾಸಿನಲ್ಲಿ ಒಂದು ಬಣ್ಣದ ನೂಲು, ಅಡ್ಡಕ್ಕೆ ಬರುವ ಹೊಕ್ಕಿನಲ್ಲಿ ಇನ್ನೊಂದು. ಬಟ್ಟೆ ಆಡಿಸಿದರೆ ನೀಲಿಯೂ ಹೌದು, ನೇರಳೆಯೂ ಹೌದು. ಅದನ್ನು ಟ್ಯೂಬ್‌ಲೈಟ್ ಕೆಳಗೆ ತೋರಿಸಿದರೆ ಸತ್ತ ಹಾಗೆ ಕಾಣುತ್ತದೆ. ಗಿರಾಕಿಯನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಬೆಳಕಲ್ಲಿ ತೋರಿಸಬೇಕು. ನೀವೂ ಹಾಗೇ ಮಾಡಿ. ಮಾರುಕಟ್ಟೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಏನೇ ತೆಗೆದರೂ ಅದರ ನೀಲಿ ಎಲ್ಲದಕ್ಕೂ ಹತ್ತಿರುತ್ತದೆ, ಟೊಮೆಟೊಗೂ ಜ್ವರ ಬಂದ ಹಾಗೆ ಕಾಣುತ್ತದೆ.

ಕಣದಬದಿ:

ನಮ್ಮದು ಮೂಡಿಗೆರೆ ಕಡೆ ತೋಟ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಬಣ್ಣ ಕೇಳೋ ಮೊದಲು ತಿಂಗಳು ಕೇಳಬೇಕು.

ಎಲ್ಲರೂ ಕಾಫಿ ಹೂವಿನ ಬಿಳಿ ಬೇಕು ಅಂತ ನವೆಂಬರಲ್ಲಿ ಬಂದು ಕೇಳ್ತಾರೆ. ಸಿಗೋದಿಲ್ಲ. ಅದು ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಅರಳುವುದು. ಅರಳಿದರೆ ಇಡೀ ಗುಡ್ಡ ಮಲ್ಲಿಗೆ ವಾಸನೆ, ಮೂರು ದಿನಕ್ಕೆ ಕಂದು ತಿರುಗಿ ಮುಗಿಯಿತು. ಕರಿಮೆಣಸು ಕರಿ ಆಗೋದು ಕುಯ್ದು ಒಣಗಿಸಿದ ಮೇಲೆ. ಈಗ ಬಳ್ಳಿಯಲ್ಲಿ ಬರೀ ಹಸಿರು ಗೊನೆ. ಹಾಗಾಗಿ ಆ ಎರಡು ಆಸೆ ಬಿಡಿ.

ನಿಮಗೆ ಈಗ ಸಿಗೋದು ಕೆಂಪು. ಆದರೆ ಒಂದು ಕೆಂಪಲ್ಲ. ಅರೇಬಿಕಾ ನವೆಂಬರಿಂದ ಹಣ್ಣಾಗುತ್ತದೆ, ಮತ್ತೆ ಎಲ್ಲವೂ ಒಟ್ಟಿಗೆ ಹಣ್ಣಾಗೋದಿಲ್ಲ. ಒಂದೇ ಗಿಣ್ಣಿನಲ್ಲಿ ಗಟ್ಟಿ ಹಸಿರು ಕಾಯಿ ಇರುತ್ತದೆ, ಹಳದಿಗೆ ತಿರುಗಿದ್ದು ಇರುತ್ತದೆ, ಒಂದು ಕೆನ್ನೆ ಮಾತ್ರ ಕೆಂಪಾದದ್ದು, ಪೂರ್ತಿ ಕೆಂಪು, ಮತ್ತೆ ಕುಯ್ಯೋದು ತಡವಾಗಿ ಕಪ್ಪಾಗಿ ಸುಕ್ಕು ಬಿದ್ದದ್ದು. ಅದಕ್ಕೇ ಮೊದಲ ಸುತ್ತಿನಲ್ಲಿ ಹಣ್ಣು ಮಾತ್ರ ಆರಿಸಿ ಕುಯ್ಯುತ್ತೇವೆ, ಫ್ಲೈ ಪಿಕಿಂಗ್ ಅಂತೀವಿ. ಹಣ್ಣು ಬೆರಳಲ್ಲಿ ಒತ್ತಿ ನೋಡಿ. ಪಿಚಕ್ ಅಂತ ಎರಡು ಬೀಜ ಅಂಟು ಅಂಟಾಗಿ ಆಚೆ ಬರುತ್ತವೆ, ಬಾಯಿಗೆ ಹಾಕಿದರೆ ಸಿಹಿ. ಕಾಫಿ ಅಂದರೆ ಕಂದು ಬಣ್ಣ ಅಂದುಕೊಂಡ ನಿಮ್ಮ ಜಪಾನಿ ಗೆಳತಿಗೆ ಅದನ್ನು ತೋರಿಸಿ.

ಆಮೇಲೆ ಕಣಕ್ಕೆ ಬನ್ನಿ. ಅಲ್ಲಿ ಇನ್ನೊಂದು ಆಟ ನಡೀತಿರುತ್ತದೆ. ಹಣ್ಣನ್ನು ಹಾಗೇ ಒಣಹಾಕಿದರೆ ಚೆರ್ರಿ. ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಚೆರ್ರಿ ದಿನದಿನಕ್ಕೂ ಬಣ್ಣ ಬದಲಾಯಿಸುತ್ತದೆ. ಮೊದಲ ದಿನ ಕುಂಕುಮ, ಮೂರನೇ ದಿನ ಬೆಲ್ಲ, ವಾರಕ್ಕೆ ಸುಟ್ಟ ಬದನೆಕಾಯಿ ಸಿಪ್ಪೆ, ಕೊನೆಗೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಪಕ್ಕದ ಕಣದಲ್ಲಿ ಪಾರ್ಚ್‌ಮೆಂಟ್ ಒಣ ಹುಲ್ಲಿನ ಬಣ್ಣದಲ್ಲಿ ಬಿದ್ದಿರುತ್ತದೆ. ಒಂದೇ ಗಿಡದ ಹಣ್ಣು, ಎರಡು ಕಣ. ನವೆಂಬರಲ್ಲಿ ಮಳೆ ಬಂದರೆ ಮಾತ್ರ ನಮ್ಮ ಹತ್ತಿರ ಬರಬೇಡಿ. ಹಣ್ಣು ಒಡೆದು ಉದುರುತ್ತಿರುತ್ತದೆ, ಕಣದ ಮೇಲೆ ಟಾರ್ಪಾಲು ಎಳೆಯೋಕೆ ಓಡ್ತಿರುತ್ತೇವೆ, ಆಗ ಯಾರಾದರೂ ಫೋಟೋ ಅಂದರೆ ಬೈಗುಳ ಗ್ಯಾರಂಟಿ.

ಹಳದಿಗೆ ತೋಟಕ್ಕೆ ಬರಬೇಡಿ, ಬಯಲು ಕಡೆ ಹೋಗಿ. ಹುಚ್ಚೆಳ್ಳು ಹೂವು ಇನ್ನೂ ಸಿಗಬಹುದು, ರಾಗಿ ಹೊಲದ ಅಂಚಿಗೆ ಸಾಲು ಹಾಕಿರುತ್ತಾರೆ. ಅದೇ ಹೂವಿನ ಕಾಳು ಕರಿ ಮಸಿ. ಚಟ್ನಿ ಮಾಡಿದರೂ ಕರಿ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹಣ್ಣು ಕುಯ್ಯುವ ಹೆಂಗಸರನ್ನು ಕೇಳದೆ ತೆಗೆಯಬೇಡಿ. ವಾರಾಂತ್ಯದಲ್ಲಿ ಕಾರು ನಿಲ್ಲಿಸಿ ಬೇಲಿ ಹತ್ತಿರ ನಿಂತು ಝೂಮ್ ಮಾಡೋದು ದಿನಾ ನೋಡಿ ಸಾಕಾಗಿದೆ. ತಲೆಗೆ ಕಟ್ಟಿದ ಟವೆಲ್ಲು, ಗಂಡನ ಹಳೇ ಶರ್ಟು, ಸೊಂಟಕ್ಕೆ ಗೋಣಿ, ಅದು ಅವರ ಕೆಲಸದ ಬಟ್ಟೆ. ಆ ವೇಷದಲ್ಲಿ ಫೋಟೋ ಅವರಿಗೆ ಇಷ್ಟ ಇಲ್ಲ. ಕೆಲಸದವರು ಇರೋ ನಮ್ಮ ಲೈನ್ ಮನೆಯಲ್ಲಿ ಈಗ ಅಸ್ಸಾಂ ಕಡೆಯವರೂ ಇದ್ದಾರೆ. ಅವರೂ ಸಂಜೆ ಫೋನ್ ಹಿಡಿದು ಇಲ್ಲಿನ ಹೂವು, ಇಲ್ಲಿನ ಬೆಟ್ಟ ತೆಗೆದು ಊರಿಗೆ ಕಳಿಸ್ತಾ ಇರುತ್ತಾರೆ. ಮಾತಾಡಿಸಿ ಒಂದು ಸಲ.

ಒಸಾಕಾ_ಹಾಸನ:

ಅಯ್ಯೋ, ಇಷ್ಟು ಉತ್ತರ ನಿರೀಕ್ಷೆ ಇರಲಿಲ್ಲ. ಸೀರೆ ಅಂಗಡಿಯವರೇ, ನಿಮ್ಮ ಮಾತು ಓದಿದ ಕೂಡಲೇ ಅಮ್ಮನ ಬೀರು ತೆಗೆಸಿದೆ. ಅಮ್ಮ 20 ಸೀರೆಗೆ 20 ಹೆಸರು ಹೇಳಿದರು. 'ಮಳೆ ಬರೋ ಮುಂಚಿನ ಬಣ್ಣ' ಅಂತಲೂ ಒಂದು ಬಂತು, ಅದು ನೋಡಿದರೆ ಬೂದು ನೀಲಿ. ತೋಟದವರೇ, ಕೇಳದೆ ತೆಗೆಯಬಾರದು ಅನ್ನೋದು ನನಗೆ ಜಪಾನಿನಲ್ಲಿ ಅಭ್ಯಾಸ ಆಗಿದೆ. ಅಲ್ಲಿ ಮಾರುವ ಹೆಚ್ಚಿನ ಫೋನುಗಳ ಕ್ಯಾಮೆರಾಗೆ ಕ್ಲಿಕ್ ಶಬ್ದ ಆಫ್ ಮಾಡೋಕೇ ಬರೋದಿಲ್ಲ. ನನ್ನ ಫೋನ್ ಅಲ್ಲಿ ಕೊಂಡದ್ದು. ಅದಕ್ಕೇ ಇರಬೇಕು, ಮಾರುಕಟ್ಟೆಯಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡಿದ್ದು.

ಮುದ್ದೆಗೆ ಯಾರೂ ಉತ್ತರ ಕೊಟ್ಟಿಲ್ಲ!

ಸೊಪ್ಪಿನ_ಬುಟ್ಟಿ:

ಮುದ್ದೆಗೆ ನಾನು ಹೇಳ್ತೇನೆ. ನೀವು ಉಂಡೆ ಕಟ್ಟಿ ತಟ್ಟೆಗೆ ಹಾಕಿ, ಸಾರು ಬಿಸಿ ಮಾಡಿ, ಎಲ್ಲ ಜೋಡಿಸಿ, ಆಮೇಲೆ ಮೇಲಿಂದ ತೆಗೆದಿರುತ್ತೀರಿ. ಹೌದೋ ಅಲ್ಲವೋ? ಅಷ್ಟರಲ್ಲಿ ಮುದ್ದೆ ಹೊಳಪು ಹೋಗಿರುತ್ತದೆ. ಒದ್ದೆ ಕೈಯಲ್ಲಿ ಕಟ್ಟಿದ ಐದು ನಿಮಿಷ ಮಾತ್ರ ಅದಕ್ಕೆ ಕಳೆ. ಆಮೇಲೆ ಚರ್ಮ ಒಣಗಿದ ಹಾಗೆ ಆಗುತ್ತದೆ.

ಎಲ್ಲ ಮೊದಲೇ ರೆಡಿ ಇಟ್ಟುಕೊಳ್ಳಿ. ಕಿಟಕಿ ಪಕ್ಕ ಕೂರಿ, ಬೆಳಕು ಪಕ್ಕದಿಂದ ಬರಬೇಕು. ಸ್ಟೀಲ್ ತಟ್ಟೆ ಬೇಡ, ಅದರಲ್ಲಿ ನಿಮ್ಮ ಮುಖ, ಫ್ಯಾನು ಎಲ್ಲ ಕಾಣುತ್ತದೆ. ಬಾಳೆ ಎಲೆ ಅಥವಾ ಮುತ್ತುಗದ ಎಲೆ ಹಾಕಿ. ಮುದ್ದೆ ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಡಿ. ಒಂದು ತುತ್ತು ಮುರಿಯಿರಿ. ಆಗ ಒಳಗಿನ ಬಣ್ಣ ಕಾಣುತ್ತದೆ, ಹೊರಗಿಗಿಂತ ಒಂಚೂರು ತಿಳಿ, ಹಬೆ ಬೇರೆ. ಬೆರಳ ಗುರುತು ಇರಲಿ. ಊಟ ಶುರುವಾದ ಮುದ್ದೆ ಮುದ್ದೆ ಥರ ಕಾಣುತ್ತದೆ. ಮುಟ್ಟದ ಮುದ್ದೆಯೇ ದೇವರ ಥರ ಕಾಣೋದು, ನಿಮ್ಮ ಗೆಳತಿ ಏನೂ ತಪ್ಪು ಹೇಳಿಲ್ಲ.

ಪಕ್ಕಕ್ಕೆ ಉಪ್ಪೆಸರು ಮಾಡಿ. ಸೊಪ್ಪು ಬೇಯಿಸಿದ ನೀರು ತಿಳಿ ಹಸಿರು, ಅದರ ಮೇಲೆ ಒಣಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಕೆಂಪು ಖಾರ ಒಂದು ಚಮಚ. ಕಲಸಬೇಡಿ, ಹಾಗೇ ಬಿಡಿ, ಖಾರ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ತೆಗೆಯಿರಿ. ನಮ್ಮ ಮನೆಯಲ್ಲಿ ಇದನ್ನು ಯಾರೂ ಫೋಟೋ ತೆಗೆದಿಲ್ಲ. ಅಷ್ಟು ಹೊತ್ತು ಯಾರೂ ಕಾದಿಲ್ಲ.

ಗಿರಿಮಂಜು:

ಚಿಕ್ಕಮಗಳೂರಿನಿಂದ. ಮದುವೆ ಫೋಟೋ ತೆಗೆಯೋ ಕೆಲಸ ನನ್ನದು, ಸ್ವಲ್ಪ ಟೆಕ್ನಿಕಲ್ ಹೇಳುತ್ತೇನೆ.

ಕಾಫಿ ಹಣ್ಣಿನ ಕೆಂಪು ಫೋನಿಗೆ ಆಗಿಬರೋದಿಲ್ಲ. ಬಿಸಿಲಲ್ಲಿ ತೆಗೆದರೆ ಕೆಂಪು ತುಂಬಿ ಚೆಲ್ಲಿ, ಹಣ್ಣಿನ ಮೇಲಿನ ಗೆರೆ, ಮಚ್ಚೆ, ನೀರ ಹನಿ ಎಲ್ಲ ಹೋಗಿ ನೇಲ್ ಪಾಲಿಶ್ ಬಳಿದ ಹಾಗೆ ಬರುತ್ತದೆ. ಹಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಒಂದು ಗೆರೆ ಕೆಳಗೆ ಎಳೆಯಿರಿ. ಮೋಡ ಇರುವ ದಿನ ಇನ್ನೂ ಒಳ್ಳೇದು. ಮಂಜಿಗೆ ಇದರ ಉಲ್ಟಾ. ಮುಳ್ಳಯ್ಯನಗಿರಿಯಲ್ಲಿ ಬೆಳಿಗ್ಗೆ ಮಂಜು ಕವಿದಾಗ ಕ್ಯಾಮೆರಾ ಅದನ್ನು ಬೂದು ಮಾಡಿಬಿಡುತ್ತದೆ, ಅಲ್ಲಿ ಬೆಳಕು ಮೇಲೆ ಎಳೆಯಬೇಕು. ಒದ್ದೆ ಎಲೆ ಬಿಳಿ ಬಿಳಿ ಹೊಳೆದು ಹಸಿರೇ ಕಾಣದಿದ್ದರೆ ಪೋಲರೈಸರ್ ಅಂತ ಒಂದು ಗಾಜು ಬರುತ್ತದೆ, ಲೆನ್ಸ್ ಮುಂದೆ ಹಾಕಿ ತಿರುಗಿಸಿದರೆ ಹೊಳಪು ಕಡಿಮೆಯಾಗಿ ಒಳಗಿನ ಹಸಿರು ಬರುತ್ತದೆ. ಇಲ್ಲದಿದ್ದರೆ ಕೂಲಿಂಗ್ ಗ್ಲಾಸಿನಲ್ಲೂ ಆಗುತ್ತದೆ, ಪೋಲರೈಸ್ಡ್ ಆಗಿದ್ದರೆ. ನಾನೇ ಫೋನ್ ಮುಂದೆ ಹಿಡಿದು ಮಾಡಿದ್ದೇನೆ.

ಗಿರಿಗೆ ಹೋಗೋದಾದರೆ ಶನಿವಾರ, ಭಾನುವಾರ ಬೇಡ. 1930 ಮೀಟರ್ ಎತ್ತರದಲ್ಲೂ ಹಾರ್ನ್ ಕೇಳುತ್ತದೆ. ಕುರಿಂಜಿ ಹೂವಿನ ನೀಲಿ ಸಿಗುತ್ತಾ ಅಂತ ಕೇಳಬೇಡಿ. 2022ರಲ್ಲಿ ಈ ಸಾಲು ಬೆಟ್ಟದಲ್ಲಿ ಅರಳಿತ್ತು, 12 ವರ್ಷಕ್ಕೊಮ್ಮೆ ಅರಳುವ ಜಾತಿ ಅದು. ಅವತ್ತು ಜನ ಹೂವಿನ ಮೇಲೆ ಮಲಗಿ ಸೆಲ್ಫಿ ತಗೊಂಡಿದ್ದು ನೋಡಿ ನಾನು ಕ್ಯಾಮೆರಾ ಬ್ಯಾಗಿಗೆ ಹಾಕಿ ವಾಪಸ್ ಬಂದೆ.

ಇನ್ನೊಂದು, ಇದು ನನ್ನ ಹೊಟ್ಟೆ ಉರಿ. ಲೆನ್ಸ್ ತಂದಿದ್ದರೆ ಹುಷಾರು. ಒಂದು ಮಳೆಗಾಲ ನನ್ನ ಒಳ್ಳೇ ಲೆನ್ಸನ್ನು ಬೀರುವಿನಲ್ಲಿ ಚರ್ಮದ ಬ್ಯಾಗಲ್ಲಿ ಇಟ್ಟು ಮರೆತೆ. ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆ ಹಾಗೆ ಬೂಷ್ಟು. ರಿಪೇರಿಗೆ ಅಂತ ಬೆಂಗಳೂರಿನ ಒಬ್ಬರಿಗೆ ಕೊಟ್ಟೆ. ಎರಡು ತಿಂಗಳು ಇಟ್ಟುಕೊಂಡು, ದುಡ್ಡೂ ತಗೊಂಡು, ಬೂಷ್ಟು ತೆಗೆದು ಕೊಟ್ಟರು. ಜೊತೆಗೆ ಗಾಜಿನ ಕೋಟಿಂಗೂ ತೆಗೆದಿದ್ದರು. ಈಗ ಆ ಲೆನ್ಸಿನಲ್ಲಿ ಏನು ತೆಗೆದರೂ ಹಾಲು ಚೆಲ್ಲಿದ ಹಾಗೆ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕಿತ್ತು. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಕ್ಕಿ ಧೂಳು ಅದರೊಳಗೆ ಹೋಗುತ್ತದೆ.

ಆಲೂಗೆಡ್ಡೆ_ಗೌಡ:

ಎಲ್ಲ ಸರಿ. ಹಾಸನದ ಬಣ್ಣ ಅಂದರೆ ಧೂಳು. ರಿಂಗ್ ರೋಡಿಗೆ ಹೋಗಿ, ಮರದ ಎಲೆಯೂ ಅದೇ ಬಣ್ಣ. ಆಲೂಗೆಡ್ಡೆ ಹೂವು ಬಿಟ್ಟಾಗ ಬರಬೇಕಿತ್ತು ನೀವು, ಹೊಲ ಎಲ್ಲ ಬಿಳಿ, ತಿಳಿ ನೇರಳೆ. ಈಗ ಗೆಡ್ಡೆ ಕಿತ್ತು ಮಾರಿಯೂ ಆಯಿತು. ರೇಟು ಕೇಳಬೇಡಿ.

ಬಳಪದಕಲ್ಲು:

ನಾನು ಹಳೇಬೀಡು ಕಡೆ ಮೇಷ್ಟ್ರು. ಕಲ್ಲಿಗೆ ಒಂದೇ ಬಣ್ಣ ಅಂದುಕೊಂಡು ಇಲ್ಲಿಗೆ ಬರದೇ ಇರಬೇಡಿ, ಅದಕ್ಕೇ ಬರೀತಿದ್ದೇನೆ.

ಬೇಲೂರು, ಹಳೇಬೀಡಿನ ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಬಿದ್ದು ಗಟ್ಟಿಯಾಗುತ್ತದೆ, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಆಗಿದ್ದು. ಬೇಲೂರಿನದು 1117ರದ್ದು, 900 ವರ್ಷಕ್ಕೂ ಜಾಸ್ತಿ ಬಿಸಿಲು ಮಳೆ ತಿಂದಿದೆ. ಎರಡೂ ಗುಡಿ ಪೂರ್ವಕ್ಕೆ ಮುಖ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಗೋಡೆ ಜೇನಿನ ಬಣ್ಣ. ಮಧ್ಯಾಹ್ನ ಬರೀ ಬೂದಿ. ಮಳೆ ಹನಿ ಬಿದ್ದರೆ ಎಣ್ಣೆಗಪ್ಪು, ಸ್ವಲ್ಪ ಹಸಿರು ಸೇರಿದ್ದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ ಆಗಿದ್ದಾರೆ. ಆದರೆ ಎಲ್ಲರೂ ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋಗಿ ವಾಪಸ್ ಬಸ್ ಹತ್ತುತ್ತಾರೆ. ನೀವು ಅಲ್ಲೇ ಮುಂದೆ ಬಸದಿಹಳ್ಳಿಗೆ ಬನ್ನಿ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳನ್ನು ಕನ್ನಡಿ ಹಾಗೆ ನಯ ಮಾಡಿದ್ದಾರೆ. ಕಪ್ಪು ಕಂಬ, ಆದರೆ ಹತ್ತಿರ ನಿಂತರೆ ನಿಮ್ಮ ಸೀರೆ ಬಣ್ಣ ಅದರಲ್ಲಿ ಉದ್ದುದ್ದ ಕಾಣುತ್ತದೆ. ನಮ್ಮ ಸ್ಕೂಲ್ ಮಕ್ಕಳು ಸಾಲಾಗಿ ನಿಂತಾಗ ಕಂಬ ಪೂರ್ತಿ ಯೂನಿಫಾರ್ಮಿನ ನೀಲಿ ಆಗಿತ್ತು. ಟ್ರೈಪಾಡ್ ತರಬೇಡಿ, ಇಂಥ ಕಡೆ ಅದಕ್ಕೆ ಬೇರೆ ಪರ್ಮಿಷನ್ ಬೇಕು. ಕೈಯಲ್ಲೇ ತೆಗೆಯಿರಿ.

ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ. ನಾನು ನೋಡಿದ ದೊಡ್ಡ ಬಣ್ಣದ ಆಟ 2018ರ ಫೆಬ್ರವರಿಯಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಗೊಮ್ಮಟ 58 ಅಡಿ ಎತ್ತರ, ಬೂದು ಬಣ್ಣದ ಒಂದೇ ಕಲ್ಲು. ನೀರು, ಎಳನೀರು ಬಿದ್ದಾಗ ಬರೀ ಹೊಳಪು. ಹಾಲು ಬಿದ್ದಾಗ ತುಂಬೆ ಹೂವು. ಅಕ್ಕಿ ಹಿಟ್ಟು ಸುರಿದಾಗ ಮುಖವೇ ಕಾಣದ ಬಿಳಿ ಹೊಗೆ. ಅರಿಶಿನ ಬಿದ್ದ ಕೂಡಲೇ ಜನ ಹೋ ಅಂದರು. ಕಷಾಯಕ್ಕೆ ಕಂದು, ಗಂಧಕ್ಕೆ ಕೆಂಪು. ಪ್ರತಿ ಸಲವೂ ಬಣ್ಣ ತಲೆಯಿಂದ ಇಳಿದು ಬಳ್ಳಿ ಸುತ್ತಿದ ತೋಳಿನ ಹತ್ತಿರ ಕವಲಾಗಿ ಪಾದಕ್ಕೆ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ನನ್ನ ಬಿಳಿ ಪಂಚೆ ಅವತ್ತಿನಿಂದ ಗಂಧದ ಬಣ್ಣ, ಎಷ್ಟು ಒಗೆದರೂ ಹೋಗಲಿಲ್ಲ. ಮುಂದಿನದು 2030ಕ್ಕೆ. ಈಗಲೇ ರಜಾ ಹೇಳಿಟ್ಟುಕೊಳ್ಳಿ.

ಒಸಾಕಾ_ಹಾಸನ:

ನಾಳಿದ್ದು ವಾಪಸ್ ಹೊರಟಿದ್ದೇನೆ. ನಡೆದದ್ದು ಬರೆದುಬಿಡುತ್ತೇನೆ.

ಕೆಂಪು, ಹಳದಿ ಎಲ್ಲ ಕೈಬಿಟ್ಟೆ. ಅಮ್ಮ ಹೇಳಿದ ಹೆಸರುಗಳನ್ನು ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ವಾರಕ್ಕೆ ಎರಡು ಅಂತ ಹುಡುಕಿದೆ. 12 ಹೆಸರು ಆಯಿತು. 'ಈರುಳ್ಳಿ ಸಿಪ್ಪೆ'ಗೆ ನಿಜವಾಗಲೂ ಎಮ್ಮೆ ಕರು ಸಿಕ್ಕಿತು, ಆದರೆ ಅದು ಫೋನನ್ನೇ ನೆಕ್ಕಿತು, ಫೋಟೋ ಮಸುಕು. ಇಟ್ಟುಕೊಂಡಿದ್ದೇನೆ. 'ಮಳೆ ಬರೋ ಮುಂಚಿನ ಬಣ್ಣ'ಕ್ಕೆ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಹಳೇ ಚರ್ಚಿನ ಹತ್ತಿರ ಎರಡು ಸಂಜೆ ಕಾದೆ. ಎರಡನೇ ಸಂಜೆ ಮೋಡ ಬಂತು, ನೀರೂ ಆಕಾಶವೂ ಒಂದೇ ಸೀರೆ ಆಯಿತು. ಅಮ್ಮನಿಗೆ ತೋರಿಸಿದೆ. ಇದಲ್ಲ, ಇದು ಮಳೆ ಬಂದ ಮೇಲಿಂದು ಅಂದರು.

ಮೂಡಿಗೆರೆ ತೋಟಕ್ಕೂ ಹೋಗಿದ್ದೆ, ಮೇಲೆ ಬರೆದವರದ್ದಲ್ಲ, ನಮ್ಮ ನೆಂಟರದ್ದು. ಅಲ್ಲಿ ಒಬ್ಬಾಕೆ ಫೋಟೋ ಬೇಡ ಅಂದರು, ಆಮೇಲೆ ಕೈ ಮಾತ್ರ ತೆಗೆಯಿರಿ ಅಂದರು. ಇಡೀ ದಿನ ಹಣ್ಣು ಕುಯ್ದು ಬೆರಳ ತುದಿ ಕಪ್ಪು ಕಂದಾಗಿತ್ತು. ಏನು ಮಾಡಿದರೂ ಸೀಸನ್ ಮುಗಿಯೋವರೆಗೆ ಹೋಗೋದಿಲ್ಲವಂತೆ. ಈ ಬಣ್ಣಕ್ಕೆ ಏನಂತೀರಿ ಅಂತ ಕೇಳಿದೆ. ನಕ್ಕರು. "ಕೊಳೆ ಅಂತೀವಿ" ಅಂದರು. ಪುಸ್ತಕದಲ್ಲಿ ಆ ಫೋಟೋ ಪಕ್ಕ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ತೋಟದ ಕಡೆಯವರು ಯಾರಾದರೂ ಇದ್ದರೆ ಹೇಳಿ, ನಿಮ್ಮಲ್ಲಿ ಅದಕ್ಕೆ ಬೇರೆ ಮಾತು ಇದೆಯಾ?

ಮುದ್ದೆ ಫೋಟೋ ಚೆನ್ನಾಗಿ ಬಂದಿದೆ. ಗೆಳತಿ ಈ ಸಲ "ಇದರ ಮಧ್ಯದ ಹಳ್ಳದಲ್ಲಿ ಏನು?" ಅಂತ ಕೇಳಿದ್ದಾಳೆ.

ಸೊಪ್ಪಿನ_ಬುಟ್ಟಿ:

ತುಪ್ಪ ಅಂತ ಹೇಳಿ. ಒಂದು ಬಾಟಲಿ ತಗೊಂಡು ಹೋಗಿ, ಬಿಗಿಯಾಗಿ ಮುಚ್ಚಿ ಪ್ಲಾಸ್ಟಿಕ್ಕಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ, ಸೀರೆಗಳ ಪಕ್ಕದಲ್ಲಿ ಮಾತ್ರ ಬೇಡ.